ಖಾಲಿ ಗುಳಿಯ ನೇರಳೆ

ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು.

ಅಂತ್ಯಕ್ರಿಯೆಯ ದಿನ ಬಾಡಿಗೆಗೆ ತಂದಿದ್ದ ಕುರ್ಚಿಗಳನ್ನು ಹಿಂದಿನ ಸಂಜೆ ಬಂದು ಒಯ್ದಿದ್ದರು. ಪಕ್ಕದ ಮನೆಯ ಸ್ಕೂಟರ್ ಎಂದಿನಂತೆ ನಾಲ್ಕನೇ ಒದೆತಕ್ಕೆ ಶುರುವಾಯಿತು. ನಲ್ಲಿಯಲ್ಲಿ ನೀರು ಬಂತು. ಅವಳು ಟೀಗೆ ನೀರಿಟ್ಟಳು.

ಕೈ ತಾನಾಗಿಯೇ ಒಂದು ಸಣ್ಣ ಚಮಚ ತೆಗೆದು, ಕಪ್ಪು ಕಾಗದ ಸುತ್ತಿದ ಬಾಟಲಿಯ ಪಕ್ಕ ಇಟ್ಟಿತು.

ಇಟ್ಟ ಮೇಲೆ ನೆನಪಾಯಿತು. ಕುಡಿಯುವವನು ಇಲ್ಲ.

ಅಳು ಬರಲಿಲ್ಲ. ಇಷ್ಟು ದಿನವೂ ಬಂದಿರಲಿಲ್ಲ. 'ಕಲ್ಲಾಗಿಬಿಟ್ಟಿದಾಳೆ ಪಾಪ' ಎಂದು ಯಾರೋ ಬೆನ್ನ ಹಿಂದೆ ಹೇಳಿದ್ದು ಕೇಳಿಸಿತ್ತು. ಕಲ್ಲಲ್ಲ... ಅದು ಹೆದರಿಕೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಉದ್ದನೆಯ ಗಂಡಸು. ಅಂದು ಎಲ್ಲರಿಗಿಂತ ಹಿಂದೆ ನಿಂತು, ಒಂದು ಮಾತೂ ಆಡದೆ ಹೋದವನು. ಅವಳ ಗಂಡನ ಟೀ ಗೆಳೆಯ, ಅವರ ಸಂಸ್ಥೆಯ ಎದುರಿನ ಆಸ್ಪತ್ರೆಯ ಪೆಥಾಲಜಿ ಡಾಕ್ಟರ್.

"ಮಸಿ..." ಎಂದು ನಿಲ್ಲಿಸಿದ. "ಕ್ಷಮಿಸಿ. ನಾವು ಅವನನ್ನ ಹಾಗೇ ಕರೀತಿದ್ವಿ."

"ಗೊತ್ತು. ನಾನೂ ಹಾಗೇ ಕರೀತಿದ್ದೆ."

"ಅವನು ದಿನಾ ಬೆಳಿಗ್ಗೆ ಏನೋ ಎಣ್ಣೆ ಕುಡೀತಿದ್ದ ಅಂತ ಹೇಳಿದ್ದ. ಆ ಬಾಟಲಿ ಬೇಕಿತ್ತು."

ಅವಳು ಬಾಗಿಲಿಗೆ ಅಡ್ಡವಾಗಿ ನಿಂತಳು.

"ಯಾಕೆ?"

"ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಒಂದು ಸಾಲು ಖಾಲಿ ಉಳಿದಿದೆ."

"ಎಸೆದುಬಿಟ್ಟೆ."

ಅವನ ನೋಟ ಅವಳ ಭುಜ ದಾಟಿ ಅಡುಗೆಮನೆಯ ಕಟ್ಟೆಯ ಮೇಲೆ ಹೋಗಿ ನಿಂತಿತು. ಅಲ್ಲಿ ಕಪ್ಪು ಕಾಗದದ ಬಾಟಲಿ. ಪಕ್ಕದಲ್ಲಿ ಚಮಚ.

"ಸರಿ," ಎಂದ. "ಎಸೆದಿದ್ರೆ ಬಿಡಿ."

ಮೆಟ್ಟಿಲು ಇಳಿದು ಹೋಗಿಯೇಬಿಟ್ಟ.

ನೋಡಿದ... ನೋಡಿಯೂ ಸುಮ್ಮನೆ ಹೋದ. ಏನು ಇವನ ಲೆಕ್ಕಾಚಾರ? ನಾಳೆ ಯಾರನ್ನಾದರೂ ಕರೆದುಕೊಂಡು ಬರುತ್ತಾನಾ?

"ಯಾರೇ ಅದು ಇಷ್ಟು ಬೆಳಿಗ್ಗೆ?" ಒಳಗಿನಿಂದ ಅತ್ತೆ ಕೇಳಿದರು.

"ಯಾರೂ ಇಲ್ಲ ಅತ್ತೆ. ವಿಳಾಸ ತಪ್ಪಿ ಬಂದವರು."

ಅವಳು ಬಾಟಲಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿದಳು.

*

ಸಂಶೋಧನಾ ಸಂಸ್ಥೆಯಲ್ಲಿ ಎಲ್ಲರೂ ಅವನನ್ನು ಮಸಿ ಎಂದೇ ಕರೆಯುತ್ತಿದ್ದರು. ಅವನು ಕಾರ್ಬನ್ನಿನ ಕಣ ತಯಾರಿಸುತ್ತಿದ್ದ. ಒಂದು ಕೂದಲಿನ ಅಗಲದಲ್ಲಿ ಹತ್ತಾರು ಸಾವಿರ ಸಾಲಾಗಿ ನಿಲ್ಲುವಷ್ಟು ಸಣ್ಣ ಕಣ. ಕೋಟಿನ ತೋಳು ಸದಾ ಕಪ್ಪು.

"ಮೈಯೂ ಕಬ್ಬಿಣದ ಹಾಗೇ ತುಕ್ಕು ಹಿಡಿಯುತ್ತೆ ಕಣೇ," ಎನ್ನುತ್ತಿದ್ದ. "ನನ್ನ ಕಣ ಆ ತುಕ್ಕನ್ನ ನುಂಗುತ್ತೆ."

ಅದು ಅರ್ಧ ಸತ್ಯ. ಸ್ವಲ್ಪವೇ ಇದ್ದರೆ, ಕತ್ತಲೆಯಲ್ಲಿಟ್ಟರೆ, ಆ ಕಣ ತುಕ್ಕನ್ನು ನುಂಗುತ್ತದೆ. ಹೆಚ್ಚಾದರೆ, ಬೆಳಕಿಗೆ ಬಿದ್ದರೆ, ಅದೇ ಕಣ ಜೀವಕೋಶಕ್ಕೆ ತುಕ್ಕು ಹಿಡಿಸುತ್ತದೆ. ಕಾಯುವುದೂ ಅದೇ, ಕೊಲ್ಲುವುದೂ ಅದೇ. ಎಷ್ಟರವರೆಗೆ ಕಾಯುತ್ತದೆ, ಎಷ್ಟರಿಂದ ಕೊಲ್ಲುತ್ತದೆ ಎಂದು ಹೇಳಬೇಕಾದದ್ದು ಪರೀಕ್ಷೆ.

ಆ ಪರೀಕ್ಷೆ ಮಾಡಿದವಳು ಅವಳು. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಜೀವಕೋಶ ಬೆಳೆಸುವುದು ಅವಳ ಕೆಲಸ.

"ನಿನ್ನ ಮಕ್ಕಳು ಏನಂತಾರೆ?" ಎಂದು ಕೇಳಿದ್ದ ಮಸಿ. ಅವಳ ಕೋಶಗಳನ್ನು ಅವನು ಮಕ್ಕಳು ಎನ್ನುತ್ತಿದ್ದ.

"ಎಲ್ಲಾ ಬದುಕಿದಾವೆ. ಸೇಫ್."

"ಹಾಗಾದ್ರೆ ಮುಂದಿನ ವಾರದಿಂದ ಎಣ್ಣೆಯಲ್ಲಿ ಕಲಸಿ ನನಗೂ ದಿನಾ ಒಂದು ಚಮಚ."

"ಹುಚ್ಚಾ ನಿನಗೆ? ಇಲಿಗಳಿಗೇ ಇನ್ನೂ ಸರಿಯಾಗಿ ಕೊಟ್ಟು ನೋಡಿಲ್ಲ!"

"ಇಲಿಗಿಂತ ಕಡೆಯಾದ್ನಾ ನಾನು?"

ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ತಡೆಯಬಹುದಿತ್ತು... ತಡೆಯಲಿಲ್ಲ.

ನಾಲ್ಕು ತಿಂಗಳು ಕುಡಿದ. ಒಂದು ಮಂಗಳವಾರ, ಅವಳ ಮಹಡಿಗೆ ಬರುವ ಮೆಟ್ಟಿಲಲ್ಲಿ ಕುಸಿದ. ಮೂವತ್ತೊಂದು ವರ್ಷ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ.

ಅವಳು ಹೇಳಿದ ಒಂದೇ ಒಂದು ಮಾತು: ಸೇಫ್.

ಆ ಮಾತು ಸುಳ್ಳಾಗಿದ್ದರೆ?

*

ಕೆಲಸಕ್ಕೆ ಮರಳಿದ ಮೊದಲ ದಿನವೇ ಅವಳು ತನ್ನ ಹಳೆಯ ನೋಟ್‌ಬುಕ್ ತೆರೆದಳು.

ಪರೀಕ್ಷೆ ಸರಳವಾದದ್ದು. ತೊಂಬತ್ತಾರು ಸಣ್ಣ ಗುಳಿಗಳಿರುವ ಪ್ಲೇಟು. ಗುಳಿಗಳಲ್ಲಿ ಕೋಶಗಳು, ಮೇಲೆ ಮಸಿಯ ಕಣ, ಕೊನೆಗೆ ಒಂದು ಹಳದಿ ಬಣ್ಣ. ಬದುಕಿರುವ ಕೋಶ ಹಳದಿಯನ್ನು ನೇರಳೆ ಮಾಡುತ್ತದೆ. ಸತ್ತದ್ದು ಮಾಡುವುದಿಲ್ಲ. ಅಂದು ಪ್ಲೇಟ್ ತುಂಬ ಗಾಢ ನೇರಳೆ ಬಂದಿತ್ತು. ಸಂತೋಷದಿಂದ ಫೋಟೋ ಕೂಡ ತೆಗೆದಿದ್ದಳು.

ಅವಳ ಬೆರಳು ಪ್ಲೇಟಿನ ನಕ್ಷೆಯ ಮೇಲೆ ಹರಿಯಿತು. ಒಂದು ಕಡೆ ನಿಂತಿತು.

ಕೋಶವೇ ಇಲ್ಲದ ಗುಳಿಗಳು ಎಲ್ಲಿ? ಬರೀ ಕಣ, ಬರೀ ಬಣ್ಣ ಹಾಕಿದವು?

ಇರಲಿಲ್ಲ. ಪ್ಲೇಟಿನಲ್ಲಿ ಜಾಗ ಸಾಲದೆ ಬಿಟ್ಟಿದ್ದಳು. ಮೊದಲ ವರ್ಷದ ವಿದ್ಯಾರ್ಥಿ ಬಿಟ್ಟಿದ್ದರೆ ಗದರುತ್ತಿದ್ದಳು. ಗಂಡನ ಕೆಲಸವೆಂಬ ಸಲಿಗೆಯಲ್ಲಿ ತಾನೇ ಬಿಟ್ಟಿದ್ದಳು.

ಅಂದೇ ಮಾಡಿದಳು. ಎಂಟು ಗುಳಿಗಳಲ್ಲಿ ಒಂದೂ ಕೋಶವಿಲ್ಲ. ಮಸಿಯ ಕಣ, ಹಳದಿ ಬಣ್ಣ, ಅಷ್ಟೇ. ನಾಲ್ಕು ಗಂಟೆ ಕಾದಳು. ಪ್ಲೇಟ್ ಇಟ್ಟಿದ್ದ ಬಿಸಿ ಪೆಟ್ಟಿಗೆಯ ಬಾಗಿಲು ತೆಗೆದಳು.

ಎಂಟೂ ನೇರಳೆ!

ಅಲ್ಲಿ ಬದುಕಲು ಯಾರೂ ಇರಲಿಲ್ಲ. ಆದರೂ ಬಣ್ಣ 'ಬದುಕಿದೆ' ಎನ್ನುತ್ತಿತ್ತು. ಕಣವೇ ಬಣ್ಣ ಬದಲಿಸುತ್ತಿತ್ತು. ಅಂದರೆ ಅಂದು ಎಲ್ಲ ಕೋಶ ಸತ್ತಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ...

'ನಾನೇ... ನಾನೇ ಕೊಂದೆ ಅವನನ್ನ.'

ಅವಳು ಕೈಗವಸು ಬಿಚ್ಚುವುದನ್ನೂ ಮರೆತು ಸ್ಟೂಲಿನ ಮೇಲೆ ಕುಳಿತೇ ಇದ್ದಳು.

*

ಮರುದಿನ ಬಾಟಲಿ ಬ್ಯಾಗಿನಲ್ಲಿಟ್ಟುಕೊಂಡು ರಸ್ತೆ ದಾಟಿದಳು.

ಪೆಥಾಲಜಿ ಡಾಕ್ಟರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಎದ್ದು ನಿಂತ. ಅವಳು ಬಾಟಲಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ತಗೊಳ್ಳಿ. ಎಸೆದಿರ್ಲಿಲ್ಲ. ಸುಳ್ಳು ಹೇಳಿದೆ."

"ಗೊತ್ತು."

"ನಿಮಗೆ ಒಬ್ಬ ಅಪರಾಧಿ ಬೇಕಿತ್ತಲ್ಲ? ಬಂದಿದೀನಿ. ನನ್ನ ಪರೀಕ್ಷೆನೇ ತಪ್ಪು. ನಾನು ಸೇಫ್ ಅಂದಿದ್ದಕ್ಕೆ ಅವನು ನಾಲ್ಕು ತಿಂಗಳು ದಿನಾ ಒಂದು ಚಮಚ ಕುಡಿದ. ಬರ್ಕೊಳ್ಳಿ ನಿಮ್ಮ ಖಾಲಿ ಸಾಲಿನಲ್ಲಿ!"

ಅವನು ಡ್ರಾಯರ್ ಎಳೆದು ಒಂದು ಫೈಲ್ ತೆಗೆದ. ಅವಳ ಕಡೆ ತಿರುಗಿಸಿದ. 'ಸೇವಿಸಿದ ವಸ್ತು' ಎಂಬ ಸಾಲಿನ ಮುಂದೆ ಏನೂ ಬರೆದಿರಲಿಲ್ಲ.

"ಅವತ್ತೇ 'ಮನೆಯವರು ಬಾಟಲಿ ಬಚ್ಚಿಟ್ಟಿದ್ದಾರೆ' ಅಂತ ಬರೀಬಹುದಿತ್ತು," ಎಂದ. "ಬರೆದಿದ್ರೆ ಅದು ಜನ್ಮಪೂರ್ತಿ ನಿಮ್ಮ ಹೆಸರಿಗೆ ಅಂಟ್ಕೋತಿತ್ತು. ನೀವೇ ತರ್ತೀರ ಅನ್ನಿಸ್ತು. ಕಾದೆ."

ಅವಳ ಕೋಪಕ್ಕೆ ನಿಲ್ಲಲು ಜಾಗವೇ ಇಲ್ಲದಂತಾಯಿತು.

"ಕೂತ್ಕೊಳ್ಳಿ. ಹೃದಯದ ಸ್ಲೈಡ್ ನಾನು ನೋಡಿದೀನಿ. ಅವನ ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪ. ಅಂಥವರು ಒಂದು ದಿನ ಮೆಟ್ಟಿಲು ಹತ್ತುವಾಗ... ಹಾಗೇ ಹೋಗಿಬಿಡ್ತಾರೆ. ಯಕೃತ್ತು ಶುದ್ಧವಾಗಿದೆ. ವಿಷ ಆಗಿದ್ರೆ ಮೊದಲು ಅಲ್ಲೇ ಕಾಣೋದು."

"ನನ್ನ ಸಮಾಧಾನಕ್ಕೆ ಹೇಳ್ತಿದೀರಾ?"

"ಸಮಾಧಾನ ಹೇಳೋಕೆ ನನಗೆ ಬರೋದಿಲ್ಲ. ಬಂದಿದ್ರೆ ಹೆಣದ ಡಾಕ್ಟರ್ ಯಾಕಾಗ್ತಿದ್ದೆ?"

ನಗು ಬರುವಂತಾಯಿತು. ಬರಲಿಲ್ಲ. ಆದರೆ ಬರುವಂತಾದದ್ದೇ ಅವಳಿಗೆ ಆಶ್ಚರ್ಯ.

ಅವನು ಆ ಲೀಟರ್ ಬಾಟಲಿ ಎತ್ತಿ, ಉಳಿದದ್ದನ್ನು ಅಳೆದ. ಹುಬ್ಬು ಗಂಟಾಯಿತು.

"ದಿನಾ ಒಂದು ಚಮಚ, ನಾಲ್ಕು ತಿಂಗಳು. ಆರುನೂರು ಮಿಲಿ. ಇಲ್ಲಿ ಎಂಟುನೂರೈವತ್ತು ಹೋಗಿದೆ."

"ಅಂದ್ರೆ... ಅವನು ನನಗೆ ಗೊತ್ತಿಲ್ಲದೆ ಜಾಸ್ತಿ ಕುಡೀತಿದ್ನಾ?"

"ಮನೇಲಿ ಇನ್ಯಾರಿದಾರೆ?"

*

ಅವಳು ಡಾಕ್ಟರ ಜೊತೆ ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದರು. ಬಾಟಲಿ ನೋಡಿದ್ದೇ ತಡ, ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡರು.

"ಅತ್ತೆ, ಈ ಎಣ್ಣೆ ನೀವೇನಾದ್ರೂ..."

"ನಾನ್ಯಾಕೆ ಮುಟ್ಟಲಿ ಆ ಡಾಂಬರನ್ನ?"

ಡಾಕ್ಟರ್ ಕೆಳಗೆ ಕೂತು ಮೆಲ್ಲಗೆ ಹೇಳಿದ. "ಅಮ್ಮಾ, ನಿಮ್ಮ ಸೀರೆಯ ಅಂಚು ಕಪ್ಪಾಗಿದೆ."

ಅತ್ತೆ ಅಂಚು ನೋಡಿಕೊಂಡರು. ಸೊಸೆಯನ್ನು ನೋಡಿದರು.

"ಮಂಡಿಗೆ ಹಚ್ಕೋತಿದ್ದೆ ಕಣೇ. ನೋವಿಗೆ ಒಳ್ಳೇದು ಅಂತ ಅವನೇ ಯಾರ ಹತ್ರಾನೋ ಫೋನಲ್ಲಿ ಹೇಳ್ತಿದ್ದ. ಅವನು ಸ್ನಾನಕ್ಕೆ ಹೋದಾಗ ಒಂದೊಂದು ಚಮಚ ಕದೀತಿದ್ದೆ." ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು. "ಡಾಕ್ಟ್ರೇ, ನಿಜ ಹೇಳಿ. ನಾನು ಕದ್ದಿದ್ದಕ್ಕೆ ಅವನಿಗೆ ಔಷಧಿ ಕಡಿಮೆ ಬಿತ್ತಾ? ಅದಕ್ಕೇ ಹೋದ್ನಾ ನನ್ನ ಮಗ?"

ಅವಳು ಬೆಚ್ಚಿ ಅತ್ತೆಯ ಮುಖ ನೋಡಿದಳು.

ಒಂದೇ ಮನೆ. ಒಂದೇ ಬಾಟಲಿ. ಅದು ಮಗನನ್ನು ಉಳಿಸುತ್ತಿತ್ತು, ತಾನು ಕದ್ದೆ ಎಂದು ಅತ್ತೆ ಒಂದು ಕೋಣೆಯಲ್ಲಿ ಒಬ್ಬರೇ ಬೇಯುತ್ತಿದ್ದರು. ಅದು ಅವನನ್ನು ಕೊಂದಿತು, ತಾನು ಕೊಟ್ಟೆ ಎಂದು ಅವಳು ಇನ್ನೊಂದು ಕೋಣೆಯಲ್ಲಿ. ನಡುವೆ ಒಂದು ಗೋಡೆ, ಅಷ್ಟೇ!

"ಎರಡೂ ಅಲ್ಲ ಅಮ್ಮ," ಎಂದ ಡಾಕ್ಟರ್. "ಅವನ ಹೃದಯ ಹುಟ್ಟುವಾಗಲೇ ಹಾಗಿತ್ತು. ಈ ಎಣ್ಣೆ ಅದನ್ನ ಉಳಿಸ್ತಾನೂ ಇರ್ಲಿಲ್ಲ, ಕೆಡಿಸ್ಲೂ ಇಲ್ಲ. ಆದ್ರೆ ಇನ್ನು ಮೇಲೆ ಇದನ್ನ ಯಾರೂ ಕುಡಿಯೋದೂ ಬೇಡ, ಹಚ್ಚೋದೂ ಬೇಡ. ಮಂಡಿ ನಾನು ನೋಡ್ತೀನಿ."

"ನೀವು ಹೆಣ ನೋಡೋ ಡಾಕ್ಟ್ರಲ್ವಾ?" ಅಳುತ್ತಲೇ ಅತ್ತೆ ಕೇಳಿದರು.

"ಮಂಡಿ ಡಾಕ್ಟರ್ ನನ್ನ ಗೆಳೆಯ. ನಾನು ಕರ್ಕೊಂಡು ಹೋಗ್ತೀನಿ ಅಷ್ಟೇ."

ಆ ಸಂಜೆ ಅತ್ತೆ ತಟ್ಟೆ ಖಾಲಿ ಮಾಡಿದರು. ಎಷ್ಟೋ ದಿನಗಳ ಮೇಲೆ.

ಅವಳು ಮಾತ್ರ ತಟ್ಟೆಯ ಅನ್ನ ಕಲಸುತ್ತಲೇ ಕುಳಿತಳು. ಹೃದಯ ಕಾರಣವಿರಬಹುದು. ಆದರೂ ಅವನು ತನ್ನ ತಪ್ಪು ಮಾತನ್ನು ನಂಬಿ ಬಾಯಿ ತೆರೆದ. ಕಣ ನಿಜಕ್ಕೂ ವಿಷವಾಗಿದ್ದರೆ? ನಂಬಿದವನಿಗೆ ತಾನು ಕೊಟ್ಟದ್ದೇನು?

*

ಮಸಿಯ ಮೇಜು ಖಾಲಿ ಮಾಡಿಕೊಡಿ ಎಂದು ಸಂಸ್ಥೆಯವರು ಹೇಳಿದರು. ಬೇರೊಬ್ಬರು ಸೇರುವವರಿದ್ದರು.

ಡ್ರಾಯರಿನಲ್ಲಿ ಪೆನ್ನುಗಳು, ಒಣಗಿದ ಬಿಸ್ಕತ್ತು, ಅವಳದೇ ಒಂದು ಕ್ಲಿಪ್. ಕೆಳಗೆ ಕರವಸ್ತ್ರದಲ್ಲಿ ಸುತ್ತಿದ ದಪ್ಪ ಗಾಜಿನ ಪಟ್ಟಿ. ಬೆಳಕಿಗೆ ಹಿಡಿದಳು. ನಡುವೆ ಕೂದಲಿಗಿಂತ ಸಣ್ಣ ಗೆರೆಗಳ ಚೌಕಗಳು. ಕೌಂಟಿಂಗ್ ಚೇಂಬರ್! ಕೋಶಗಳನ್ನು ಕಣ್ಣಿನಿಂದಲೇ ಒಂದೊಂದಾಗಿ ಎಣಿಸುವ ಗಾಜು. ಕಣ ಬೇಯಿಸುವವನಿಗೆ ಇದೇಕೆ?

ಅದರ ಜೊತೆಗೊಂದು ಸಣ್ಣ ನೋಟ್‌ಬುಕ್. ಅವನ ಸೊಟ್ಟ ಅಕ್ಷರ.

'ಅವಳ ಪ್ಲೇಟಿನಲ್ಲಿ ಖಾಲಿ ಗುಳಿ ಇಲ್ಲ. ನನ್ನ ಕಣವೇ ಬಣ್ಣ ತಿರುಗಿಸುತ್ತಿರಬಹುದು. ಹೇಳಿದರೆ ಮೂರು ದಿನ ಊಟ ಬಿಡುತ್ತಾಳೆ. ನಾನೇ ಎಣಿಸುತ್ತೇನೆ. ಡಾಕ್ಟರ ಹತ್ತಿರ ಚೇಂಬರ್ ಎರವಲು ತಂದೆ, ಒಂದು ವಾರಕ್ಕೆ.'

ಅವಳು ಪುಟ ತಿರುಗಿಸಿದಳು.

'ಅವಳ ಕೋಶಗಳಿಗೆ ಕಣ ಕೊಟ್ಟು, ನೀಲಿ ಬಣ್ಣ ಹಾಕಿ ನೋಡಿದೆ. ಸತ್ತದ್ದು ನೀಲಿಯಾಗುತ್ತದೆ, ಬದುಕಿದ್ದು ಒಳಗೆ ಬಿಡುವುದಿಲ್ಲ. ಮೊದಲ ದಿನ ನೂರಕ್ಕೆ ತೊಂಬತ್ತಾರು ಜೀವಂತ. ಎರಡನೇ ದಿನ ತೊಂಬತ್ತೈದು. ಮೂರನೇ ದಿನ ತೊಂಬತ್ತಾರು. ನನ್ನ ಹೆಂಡತಿ ಹೇಳಿದ್ದು ಸರಿ. ಯಾಕೆ ಸರಿ ಅಂತ ಮಾತ್ರ ಅವಳಿಗೆ ಗೊತ್ತಿಲ್ಲ. ನಾಳೆಯಿಂದ ಒಂದು ಚಮಚ.'

ಅವಳು ಮೂರು ಸಲ ಓದಿದಳು.

ಅವನು ಅವಳ ಮಾತಿನ ಮೇಲೆ ಕುಡಿದಿರಲಿಲ್ಲ. ತಾನೇ ಎಣಿಸಿ ಕುಡಿದಿದ್ದ. ತಪ್ಪನ್ನೂ ಕಂಡಿದ್ದ. ಕಂಡದ್ದನ್ನು ಬಚ್ಚಿಟ್ಟು, ಏನೂ ಆಗದವನಂತೆ ನಗುತ್ತ ಚಮಚ ಎತ್ತಿದ್ದ!

"ಅಯ್ಯೋ ಮಾರಾಯ..." ಎಂದಳು ಖಾಲಿ ಕುರ್ಚಿಗೆ. "ಒಂದು ಮಾತು ಹೇಳೋಕೆ ಏನಾಗಿತ್ತೋ ನಿನಗೆ? ಊಟ ಬಿಟ್ರೆ ಬಿಡ್ತಿದ್ದೆ!"

ಆಗ ಬಂತು ಅಳು. ಜೊತೆಗೆ ನಗುವೂ. ಯಾವುದು ಯಾವುದೆಂದು ಬಿಡಿಸಲಾಗದಂತೆ, ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ತುಂಬ ಅತ್ತಳು. ಎದ್ದಾಗ ಮೈ ಹಗುರವಾಗಿತ್ತು. ಹಸಿವಾಗಿತ್ತು.

ಡಾಕ್ಟರಿಗೆ ಫೋನ್ ಮಾಡಿದಳು. "ನಿಮ್ಮ ಗಾಜು ಸಿಕ್ತು."

ನೋಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ಓದಿ ಹೇಳಿದಳು. "ಅದಕ್ಕಾ ತಗೊಂಡಿದ್ದು ಅವನು..." ಎಂದ ಅವನು. "ಈಗಲೇ ವಾಪಸ್ ಕೊಡ್ಬೇಡಿ. ನೀವೂ ಒಂದ್ಸಲ ಎಣಿಸಿಬಿಡಿ. ನಾನು ಬರ್ಲಾ?"

ಬಂದ. ಎರಡು ಮೂಲೆಯ ಚೌಕಗಳನ್ನು ಅವಳು ಎಣಿಸಿದಳು, ಎರಡನ್ನು ಅವನು. ಚೀಟಿಯಲ್ಲಿ ಬೇರೆ ಬೇರೆ ಬರೆದು, ಒಟ್ಟಿಗೆ ತೆರೆದರು. ತೊಂಬತ್ತೈದು. ತೊಂಬತ್ತೈದು.

ಖಾಲಿ ಸಾಲಿನಲ್ಲಿ ಅವನು ಬರೆದ: 'ಕಾರ್ಬನ್ ಕಣವಿದ್ದ ಎಣ್ಣೆ. ಸಾವಿಗೆ ಕಾರಣವಲ್ಲ.'

*

ಆಮೇಲೆ ದಿನಗಳು ದಿನಗಳಂತೆ ಹೋದವು. ಅವಳು ಮಸಿಯ ಲೆಕ್ಕವನ್ನೂ ತನ್ನ ತಪ್ಪನ್ನೂ ಸೇರಿಸಿ ಪ್ರಬಂಧ ಬರೆದಳು. ಕೋಶವಿಲ್ಲದ ಗುಳಿಗಳ ಪರೀಕ್ಷೆಯನ್ನು ಎಂದೂ ಕೈಬಿಡಬೇಡಿ ಎಂದು ಮೊದಲ ಪುಟದಲ್ಲೇ ಹೇಳಿದಳು. ಹೆಸರುಗಳ ಸಾಲಿನಲ್ಲಿ ಅವನದೇ ಮೊದಲು.

ಡಾಕ್ಟರ್ ಭಾನುವಾರ ಬರುತ್ತಿದ್ದ. ಅತ್ತೆಯನ್ನು ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದ. ಟೀ ಕುಡಿಯುತ್ತಿದ್ದ. ಅವಳ ಜೊತೆ ಮಾತಿಗಿಂತ ಮೌನವೇ ಹೆಚ್ಚು. ಆದರೆ ಆ ಮೌನ ಭಾರವಾಗಿರಲಿಲ್ಲ.

ಎಂಟನೇ ತಿಂಗಳಲ್ಲಿ ಬರುವುದು ನಿಂತಿತು. ಒಂದು ಭಾನುವಾರ. ಎರಡು. ಮೂರು...

'ಅಷ್ಟೇ ಇರಬೇಕು. ಗೆಳೆಯನ ಮನೆಯವರು ಅಂತ ಕರುಣೆ.' ಹಾಗೆಂದುಕೊಂಡರೂ ಹೊರಗೆ ಯಾವ ಸ್ಕೂಟರ್ ನಿಂತ ಸದ್ದಾದರೂ ಕಿವಿ ನಿಮಿರುತ್ತಿತ್ತು.

"ಮಂಡಿ ಸರಿಹೋಯ್ತಲ್ಲಮ್ಮ, ಇನ್ನು ಬರೋಕೆ ಕಾರಣ ಇಲ್ಲ ಅಂದ," ಎಂದರು ಅತ್ತೆ, ಸೊಪ್ಪು ಬಿಡಿಸುತ್ತ. "ನಾನೇ ಪೆದ್ದಿ. ಇನ್ನೆರಡು ತಿಂಗಳು ಕುಂಟಬೇಕಿತ್ತು."

"ಅತ್ತೆ!"

"ಏನು ಅತ್ತೆ? ಮಂಡಿ ನಂದು, ಅವನ ಕಣ್ಣು ನಿನ್ನ ಮೇಲೆ. ನನಗೇನು ಕಣ್ಣಿಲ್ವಾ?" ಅವರು ಸೊಪ್ಪು ಕೆಳಗಿಟ್ಟರು. ದನಿ ತಗ್ಗಿತು. "ಅವನ ಗಾಜು ಇನ್ನೂ ನಿನ್ನ ಬೀರುವಿನಲ್ಲಿದೆ. ನನ್ನ ಮಗ ಒಂದು ವಾರಕ್ಕೆ ಅಂತ ತಂದಿದ್ದು. ಅವನ ಹೆಸರಲ್ಲಿ ನೀನು ಎಷ್ಟು ದಿನ ಇಟ್ಕೋತೀಯ?"

"ಅದನ್ನೂ ಕೊಟ್ಟುಬಿಟ್ರೆ..."

"ಅವನು ನನ್ನ ಮಗ. ಗಾಜು ಕೊಟ್ಟ ಮಾತ್ರಕ್ಕೆ ಎಲ್ಲಿಗೂ ಹೋಗಲ್ಲ. ಏಳು. ಕೊಟ್ಟು ಬಾ." ಅವಳು ಬಾಗಿಲು ತಲುಪಿದಾಗ ಕೂಗಿದರು. "ಕೊಟ್ಟ ತಕ್ಷಣ ವಾಪಸ್ ಬರ್ಬೇಡ!"

*

ಮಧ್ಯಾಹ್ನ. ಅವನ ಕೋಣೆಯ ಕಿಟಕಿ ತೆರೆದಿತ್ತು. ಅವಳನ್ನು ಕಂಡು ಅವನು ಎದ್ದ ರಭಸಕ್ಕೆ ಪೆನ್ನು ಕೆಳಗೆ ಬಿತ್ತು.

ಅವಳು ಕರವಸ್ತ್ರ ಬಿಚ್ಚಿ ಗಾಜನ್ನು ಮೇಜಿನ ಮೇಲಿಟ್ಟಳು.

"ಅವನು ಎರವಲು ತಂದಿದ್ದು. ತುಂಬಾ ತಡವಾಯ್ತು."

"ನೀವೇ ಇಟ್ಕೋಬಹುದಿತ್ತು. ಅವನ ಕೈ ಮುಟ್ಟಿದ್ದು ಅಂತ ನಾನು ಕೇಳ್ಲೇ ಇಲ್ಲ."

"ನಾನು ಅದಕ್ಕೆ ಇಟ್ಕೊಂಡಿರ್ಲಿಲ್ಲ."

"ಮತ್ತೆ?"

ಅವಳು ಕಿಟಕಿಯ ಕಡೆ ನೋಡಿದಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿತು.

"ಇದು ನನ್ನ ಹತ್ರ ಇದ್ರೆ... ಒಂದಲ್ಲ ಒಂದು ದಿನ ಕೇಳೋಕಾದ್ರೂ ಬರ್ತೀರ ಅಂತ."

ಅವನು ಗಾಜನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಏನೂ ನೋಡದೆ ಇಳಿಸಿದ.

"ಕೇಳಿದ್ರೆ ನೀವು ಕೊಟ್ಟುಬಿಡ್ತಿದ್ರಿ," ಎಂದ. "ಕೊಟ್ಟ ಮೇಲೆ ನನಗೆ ಅಲ್ಲಿ ಏನಿತ್ತು? ಅಮ್ಮನ ಮಂಡಿನೂ ಸರಿಹೋಗಿತ್ತು..."

ಅವಳು ನಕ್ಕುಬಿಟ್ಟಳು! ಅವನೂ ನಕ್ಕ. ಅವಳ ನಗು ಮೊದಲು ನಿಂತಿತು.

"ಅವನ ಜಾಗ..." ಎಂದಳು.

"ಅದು ಅವನದೇ. ನನಗೆ ಬೇಡ. ಪಕ್ಕದಲ್ಲಿ ಸ್ವಲ್ಪ ಇದ್ರೆ ಸಾಕು. ಅವಸರ ಏನೂ ಇಲ್ಲ."

ಅವಳ ಕಣ್ಣು ತುಂಬಿತು. ಉಸಿರು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. ಅವಳು ಕುರ್ಚಿ ಎಳೆದು ಕುಳಿತಳು. ಅವನು ಇನ್ನೂ ಗಾಜು ಹಿಡಿದು ನಿಂತೇ ಇದ್ದ.

"ಕೂತ್ಕೋ," ಎಂದಳು.

ಅವನು ಹಿಂತಿರುಗಿ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ನನಗಾ ಹೇಳಿದ್ದು?"

"ನಿನಗೇ."